ಚಲನಚಿತ್ರ ಕ್ಯಾಮೆರಾಗಳ ಸಂಗ್ರಹ: ಮೌಲ್ಯನಿರ್ಣಯದ ಕೆಲವು ಪ್ರಶ್ನೆಗಳು

೧

ಚಲನಚಿತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಮೂರು ಬಗೆಯ ಆಕರಗಳನ್ನು ಅವಲಂಬಿಸುತ್ತಾರೆ: ಉಳಿದಿರುವ ಚಿತ್ರಗಳು, ಮುದ್ರಿತ ದಾಖಲೆಗಳು ಹಾಗೂ ಚಿತ್ರರಂಗದಲ್ಲಿ ದುಡಿದವರ ನೆನಪುಗಳು. ಚಿತ್ರವನ್ನು ಸೆರೆಹಿಡಿದ ಯಂತ್ರವೂ ನಾಲ್ಕನೆಯ ಆಕರವಾಗಬಲ್ಲದು ಎಂಬ ವಿಚಾರಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಹಳೆಯ ಚಲನಚಿತ್ರ ಕ್ಯಾಮೆರಾಗಳನ್ನು ಕೂಡಿಡುವ ಕೆಲಸ ನೂರು ವರ್ಷಗಳಿಂದಲೂ ನಡೆದುಬಂದಿದೆ. ಆದರೆ ಅದನ್ನು ಶ್ರೀಮಂತರ ಹವ್ಯಾಸವೆಂದೋ ವಸ್ತುಸಂಗ್ರಹಾಲಯಗಳ ಅಲಂಕಾರವೆಂದೋ ಪರಿಗಣಿಸಿರುವುದೇ ಹೆಚ್ಚು. ಯಾವುದನ್ನು ಕೂಡಿಡಬೇಕು, ಯಾವ ಸ್ಥಿತಿಯಲ್ಲಿ ಕೂಡಿಡಬೇಕು, ಅದರೊಡನೆ ಇನ್ನೇನನ್ನು ಉಳಿಸಬೇಕು ಎಂಬ ಪ್ರಶ್ನೆಗಳಿಗೆ ಸಂಗ್ರಾಹಕರು ಕೊಟ್ಟುಕೊಂಡಿರುವ ಉತ್ತರಗಳನ್ನು ವಿಮರ್ಶೆಗೆ ಒಳಪಡಿಸುವುದು ಈ ಪ್ರಬಂಧದ ಉದ್ದೇಶ.

ಈ ವಿಮರ್ಶೆಯನ್ನು ಈಗ ಮಾಡಬೇಕಾದುದಕ್ಕೆ ಕಾರಣವಿದೆ. ಆರಿ, ಪ್ಯಾನಾವಿಷನ್ ಮತ್ತು ಆಟನ್ ಎಂಬ ಮೂರು ಪ್ರಮುಖ ಸಂಸ್ಥೆಗಳು ಫಿಲ್ಮ್ ಕ್ಯಾಮೆರಾಗಳ ನಿಯಮಿತ ತಯಾರಿಕೆಯನ್ನು ನಿಲ್ಲಿಸಿರುವ ಸಂಗತಿ ೨೦೧೧ರಲ್ಲಿ ಹೊರಬಿದ್ದಿತು. ಫಿಲ್ಮಿನಲ್ಲಿ ಚಿತ್ರೀಕರಿಸುವ ಪದ್ಧತಿ ಅಲ್ಲಿಗೇ ಮುಗಿಯಲಿಲ್ಲ. ೨೦೨೩ರ 'ಆಪನ್‌ಹೈಮರ್'ನಂಥ ದೊಡ್ಡ ಚಿತ್ರವೂ ಫಿಲ್ಮಿನಲ್ಲಿಯೇ ಚಿತ್ರಿತವಾಯಿತು. ಆದರೂ ಬಹುಪಾಲು ಸ್ಟುಡಿಯೊಗಳಲ್ಲಿ, ಬಾಡಿಗೆಗೆ ಉಪಕರಣ ಕೊಡುವ ಸಂಸ್ಥೆಗಳಲ್ಲಿ ಹಾಗೂ ಶಿಕ್ಷಣ ಸಂಸ್ಥೆಗಳಲ್ಲಿ ಫಿಲ್ಮ್ ಕ್ಯಾಮೆರಾ ದುಡಿಯುವ ಯಂತ್ರವಾಗಿ ಉಳಿಯದೆ ಹಳೆಯ ದಾಸ್ತಾನಾಗಿದೆ. ದಾಸ್ತಾನಾದ ವಸ್ತುವಿನ ಮುಂದೆ ಎರಡೇ ದಾರಿಗಳಿರುತ್ತವೆ: ಗುಜರಿ ಅಥವಾ ಸಂಗ್ರಹ. ಯಾವುದು ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನು ಇಂದು ನಿರ್ಧರಿಸುತ್ತಿರುವ ಮಾನದಂಡಗಳೇ ಮುಂದಿನ ಸಂಶೋಧಕನಿಗೆ ಏನು ತಿಳಿಯಬಲ್ಲದು ಎಂಬುದನ್ನೂ ನಿರ್ಧರಿಸುತ್ತವೆ.

ಸಂಗ್ರಾಹಕರ ವಲಯದಲ್ಲಿ ಕ್ಯಾಮೆರಾದ ಬೆಲೆಯನ್ನು ಕಟ್ಟುವಾಗ ಮೂರು ಗುಣಗಳು ಮುಖ್ಯವಾಗುತ್ತವೆ. ಮೊದಲನೆಯದು ಪ್ರಾಥಮ್ಯ: ಆ ಬಗೆಯ ಯಂತ್ರಗಳಲ್ಲಿ ಇದು ಎಷ್ಟು ಮೊದಲಿನದು ಎಂಬುದು. ಎರಡನೆಯದು ಅಕ್ಷತತೆ: ಕಾರ್ಖಾನೆಯಿಂದ ಹೊರಬಂದ ರೂಪದಲ್ಲಿಯೇ ಇದು ಉಳಿದಿದೆಯೆ ಎಂಬುದು. ಮೂರನೆಯದು ನೋಟದ ಸೊಗಸು: ಮರ, ಹಿತ್ತಾಳೆ, ಚರ್ಮಗಳ ಹೊಳಪು. ಈ ಮೂರೂ ಸಂಗ್ರಹದ ಮೌಲ್ಯಗಳೇ ಹೊರತು ಇತಿಹಾಸದ ಮೌಲ್ಯಗಳಲ್ಲ. ಅನೇಕ ವೇಳೆ ಇವು ಇತಿಹಾಸಕ್ಕೆ ವಿರುದ್ಧವಾಗಿಯೂ ಕೆಲಸ ಮಾಡುತ್ತವೆ ಎಂಬುದು ಇಲ್ಲಿಯ ವಾದ.

೨

ಪ್ರಾಥಮ್ಯದ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳಬಹುದು. ಕ್ಯಾಮೆರಾ ಸಂಗ್ರಹದ ಇತಿಹಾಸದಲ್ಲಿ ಇಂಗ್ಲೆಂಡಿನ ವಿಲ್ ಡೇ ಅವರ ಹೆಸರು ದೊಡ್ಡದು. ಚಲನಚಿತ್ರ ಉಪಕರಣಗಳ ವ್ಯಾಪಾರಿಯಾಗಿದ್ದ ಅವರು ಚಲನಚಿತ್ರ ಹಾಗೂ ಅದಕ್ಕೂ ಹಿಂದಿನ ಮಾಂತ್ರಿಕ ಲಾಂದ್ರ, ನೆರಳಾಟಗಳಿಗೆ ಸಂಬಂಧಿಸಿದ ಯಂತ್ರಗಳನ್ನು ಅಪಾರ ಶ್ರದ್ಧೆಯಿಂದ ಕಲೆಹಾಕಿದರು. ಅವರ ಸಂಗ್ರಹ ೧೯೨೨ರಿಂದ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಎರವಲಾಗಿ ಪ್ರದರ್ಶನಗೊಂಡಿತು. ೧೯೩೦ರಲ್ಲಿ ಅದರ ಸಚಿತ್ರ ಸೂಚಿಯೂ ಪ್ರಕಟವಾಯಿತು. ಇಷ್ಟು ಹಿಂದೆಯೇ, ಇನ್ನೂ ಯಾರೂ ಬೆಲೆ ಕೊಡದಿದ್ದ ವಸ್ತುಗಳನ್ನು ಒಬ್ಬ ವ್ಯಕ್ತಿ ಉಳಿಸಿದನೆಂಬುದು ಸಾಮಾನ್ಯ ಸಂಗತಿಯಲ್ಲ.

ಆದರೆ ಡೇ ಅವರಿಗೆ ಒಂದು ಸಿದ್ಧಾಂತವಿತ್ತು. ಚಲನಚಿತ್ರದ ನಿಜವಾದ ಜನಕ ವಿಲಿಯಂ ಫ್ರೀಸ್-ಗ್ರೀನ್ ಎಂದು ಅವರು ದೃಢವಾಗಿ ನಂಬಿದ್ದರು. ಫ್ರೀಸ್-ಗ್ರೀನ್ ೧೮೮೯ರಲ್ಲಿ ಮಾರ್ಟಿಮರ್ ಇವಾನ್ಸ್ ಅವರೊಡನೆ ಒಂದು ಕ್ಯಾಮೆರಾಕ್ಕೆ ಪೇಟೆಂಟ್ ಪಡೆದಿದ್ದರು. ೧೯೨೧ರಲ್ಲಿ ಲಂಡನ್ನಿನ ಚಿತ್ರೋದ್ಯಮಿಗಳ ಸಭೆಯೊಂದರಲ್ಲಿ ಮಾತನಾಡಿದ ಬೆನ್ನಿಗೇ ನಿಧನರಾದರು. ಆ ಮರಣದ ಕರುಣೆ ಅವರ ಕೀರ್ತಿಯನ್ನು ಬೆಳೆಸಿತು. ಡೇ ಅವರ ಸಂಗ್ರಹ ಆ ಕೀರ್ತಿಗೆ ವಸ್ತುರೂಪದ ಆಧಾರವನ್ನು ಒದಗಿಸಿತು. ೧೯೫೧ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಉತ್ಸವದ ಅಂಗವಾಗಿ 'ದಿ ಮ್ಯಾಜಿಕ್ ಬಾಕ್ಸ್' ಎಂಬ ಚಿತ್ರವೂ ಬಂದಿತು. ಮುಂದೆ ಬ್ರಯನ್ ಕೋ ಮೊದಲಾದ ವಿದ್ವಾಂಸರು ಪೇಟೆಂಟ್ ಪತ್ರಗಳನ್ನೂ ಉಳಿದ ಫಿಲ್ಮ್ ತುಣುಕುಗಳನ್ನೂ ಪರಿಶೀಲಿಸಿ ಈ ಹಕ್ಕುಸಾಧನೆ ದುರ್ಬಲವೆಂದು ತೋರಿಸಿದರು. ಚಲನೆಯ ಭ್ರಮೆಯನ್ನು ಹುಟ್ಟಿಸಲು ಬೇಕಾದ ವೇಗದಲ್ಲಿ ಆ ಯಂತ್ರ ಚಿತ್ರಗಳನ್ನು ತೆಗೆಯಬಲ್ಲುದಾಗಿತ್ತೆ ಎಂಬುದೇ ವಿವಾದದ ಕೇಂದ್ರವಾಯಿತು. ಇತ್ತೀಚಿನ ಸಂಶೋಧನೆ ಫ್ರೀಸ್-ಗ್ರೀನ್ ಅವರ ಕೆಲಸವನ್ನು ಮತ್ತೆ ಸಹಾನುಭೂತಿಯಿಂದ ನೋಡತೊಡಗಿದೆ. ಇಲ್ಲಿ ನಮಗೆ ಮುಖ್ಯವಾದುದು ಆ ವಿವಾದದ ತೀರ್ಪಲ್ಲ. ಕಪಾಟಿನಲ್ಲಿ ಸಾಲಾಗಿ ಜೋಡಿಸಿದ ಯಂತ್ರಗಳು ತಾವೇ ಒಂದು ವಂಶವೃಕ್ಷವನ್ನು ಸೂಚಿಸುತ್ತವೆ. ನೋಡುಗನು ಆ ಜೋಡಣೆಯನ್ನು ವಾದವೆಂದು ತಿಳಿಯದೆ ಸಂಗತಿಯೆಂದು ಸ್ವೀಕರಿಸುತ್ತಾನೆ. ಇದು ಗಮನಿಸಬೇಕಾದ ಅಂಶ.

೧೯೩೬ರಲ್ಲಿ ಡೇ ತೀರಿಕೊಂಡರು. ೧೯೫೯ರಲ್ಲಿ ಅವರ ಸಂಗ್ರಹವನ್ನು ಪ್ಯಾರಿಸ್ಸಿನ ಸಿನಿಮಾತೆಕ್ ಫ್ರಾನ್ಸೇಸ್‌ಗಾಗಿ ಕೊಳ್ಳಲಾಯಿತು. ಹೀಗೆ ಇಂಗ್ಲಿಷ್ ಪ್ರಾಥಮ್ಯವನ್ನು ಸಾಧಿಸಲೆಂದು ಕೂಡಿಸಿದ ಯಂತ್ರಗಳು ಲ್ಯೂಮಿಯೇರ್ ಸೋದರರ ೧೮೯೫ರ ಡಿಸೆಂಬರ್ ೨೮ರ ಪ್ರದರ್ಶನವನ್ನೇ ಚಲನಚಿತ್ರದ ಜನ್ಮದಿನವೆಂದು ಆಚರಿಸುವ ನಗರಕ್ಕೆ ಸೇರಿದವು. ವಸ್ತುಗಳು ಅವೇ, ಅವು ಹೇಳುವ ಕಥೆ ಬೇರೆಯಾಯಿತು. ಪ್ರಾಥಮ್ಯವು ಯಂತ್ರದೊಳಗಿರುವ ಗುಣವಲ್ಲ, ಸಂಗ್ರಹದ ಕ್ರಮದಲ್ಲಿ ಹುಟ್ಟುವ ಅರ್ಥ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಲೂಯಿ ಲ ಪ್ರಿನ್ಸ್ ಅವರ ಪ್ರಕರಣ ಇದಕ್ಕೆ ಪೂರಕವಾಗಿದೆ. ಅವರು ೧೮೮೮ರಲ್ಲಿ ಲೀಡ್ಸ್ ನಗರದಲ್ಲಿ ಒಂದೇ ಮಸೂರದಿಂದ ಚಿತ್ರ ತೆಗೆಯುವ ಕ್ಯಾಮೆರಾವನ್ನು ಬಳಸಿದರು. ೧೮೯೦ರಲ್ಲಿ ಫ್ರಾನ್ಸಿನಲ್ಲಿ ರೈಲು ಹತ್ತಿದವರು ಮತ್ತೆ ಕಾಣಲಿಲ್ಲ. ಅವರ ಮಗಳು ಆ ಕ್ಯಾಮೆರಾವನ್ನು ೧೯೩೦ರಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಈಗ ಅದು ಬ್ರ್ಯಾಡ್‌ಫರ್ಡ್ ನಗರದ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಈ ಮರದ ಪೆಟ್ಟಿಗೆಯನ್ನು ಎಷ್ಟೇ ಸೂಕ್ಷ್ಮವಾಗಿ ಪರೀಕ್ಷಿಸಿದರೂ ಅದು ೧೮೮೮ರ ಅಕ್ಟೋಬರಿನಲ್ಲಿ ಕೆಲಸ ಮಾಡಿತ್ತೆಂದು ಅದೊಂದರಿಂದಲೇ ಸಿದ್ಧವಾಗದು. ಅದು ಸಿದ್ಧವಾಗುವುದು ರೌಂಡ್‌ಹೇ ತೋಟದಲ್ಲಿ ತೆಗೆದ ಚಿತ್ರದ ಉಳಿದ ಫ್ರೇಮುಗಳಿಂದ ಮತ್ತು ಅವುಗಳಲ್ಲಿ ಕಾಣಿಸುವ ಒಬ್ಬ ಮಹಿಳೆಯಿಂದ. ಲ ಪ್ರಿನ್ಸ್ ಅವರ ಅತ್ತೆ ಸಾರಾ ವಿಟ್ಲಿ ಆ ಚಿತ್ರದಲ್ಲಿದ್ದಾರೆ. ಅವರು ೧೮೮೮ರ ಅಕ್ಟೋಬರ್ ೨೪ರಂದು ನಿಧನರಾದರು. ಆದುದರಿಂದ ಚಿತ್ರ ಅದಕ್ಕೆ ಮೊದಲಿನದು. ಯಂತ್ರದ ಕಾಲವನ್ನು ಗಟ್ಟಿಯಾಗಿ ನಿರ್ಣಯಿಸಿದ್ದು ಯಂತ್ರವಲ್ಲ, ಒಂದು ಕುಟುಂಬದ ಮರಣದ ದಾಖಲೆ. ಕ್ಯಾಮೆರಾ, ಅದು ತೆಗೆದ ಚಿತ್ರ ಮತ್ತು ಅವುಗಳ ಸುತ್ತಲಿನ ಕಾಗದಪತ್ರ, ಈ ಮೂರೂ ಕೂಡಿದಾಗ ಮಾತ್ರ ಸಾಕ್ಷ್ಯವಾಗುತ್ತದೆ. ಇವುಗಳನ್ನು ಬೇರ್ಪಡಿಸಿ ಯಂತ್ರವನ್ನಷ್ಟೇ ಕೊಳ್ಳುವ ಸಂಗ್ರಾಹಕನು ಸಾಕ್ಷ್ಯದ ಮೂರನೆಯ ಒಂದು ಭಾಗವನ್ನು ಮಾತ್ರ ಕೊಂಡಿರುತ್ತಾನೆ.

ಈ ಮಾತು ಕನ್ನಡದ ಸಂಶೋಧಕರಿಗೆ ಹೊಸದಲ್ಲ. 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳು ಶಾಸನದ ಪಾಠವನ್ನು ಕೊಡುವುದರ ಜೊತೆಗೆ ಆ ಕಲ್ಲು ಯಾವ ಊರಿನಲ್ಲಿ, ಯಾವ ದೇವಾಲಯದ ಯಾವ ಭಾಗದಲ್ಲಿ, ಯಾರ ಹೊಲದಲ್ಲಿ ಇತ್ತೆಂಬುದನ್ನೂ ಗುರುತಿಸುತ್ತವೆ. ನೆಲೆಯಿಂದ ಕಿತ್ತುತಂದ ಶಾಸನ ಅಕ್ಷರಗಳನ್ನು ಉಳಿಸಿಕೊಂಡರೂ ಅರ್ಧ ಅರ್ಥವನ್ನು ಕಳೆದುಕೊಂಡಿರುತ್ತದೆಂಬುದನ್ನು ಬಲ್ಲವರಿಗೆ, ಪೂರ್ವಾಪರವಿಲ್ಲದೆ ಹರಾಜಿನಲ್ಲಿ ಬಂದ ಕ್ಯಾಮೆರಾದ ಕೊರತೆಯೇನೆಂಬುದನ್ನು ವಿವರಿಸಬೇಕಾಗಿಲ್ಲ.

೩

ಎರಡನೆಯ ಮಾನದಂಡ ಅಕ್ಷತತೆ. ಕಾರ್ಖಾನೆಯ ರೂಪದಲ್ಲಿಯೇ ಉಳಿದ ಯಂತ್ರ ಶ್ರೇಷ್ಠ, ಬದಲಾವಣೆಗೆ ಒಳಗಾದದ್ದು ಕನಿಷ್ಠ ಎಂಬುದು ಸಂಗ್ರಾಹಕರ ಸಾಮಾನ್ಯ ನಂಬಿಕೆ. ನಾಣ್ಯ ಮತ್ತು ಅಂಚೆಚೀಟಿಗಳ ಸಂಗ್ರಹದಿಂದ ಬಂದ ಈ ನಂಬಿಕೆಯನ್ನು ದುಡಿಯುವ ಯಂತ್ರಕ್ಕೆ ಅನ್ವಯಿಸಬಹುದೆ ಎಂಬುದು ವಿಚಾರಣೀಯ. ಬಳಕೆಗೆ ಬಾರದ ಕ್ಯಾಮೆರಾ ಮಾತ್ರ ಪೂರ್ಣವಾಗಿ ಅಕ್ಷತವಾಗಿರಬಲ್ಲದು. ಬಳಕೆಗೆ ಬಾರದ ಕ್ಯಾಮೆರಾಕ್ಕೆ ಚಲನಚಿತ್ರದ ಇತಿಹಾಸದಲ್ಲಿ ಪಾತ್ರವೇ ಇಲ್ಲ.

ಅಮೆರಿಕದ ಬೆಲ್ ಅಂಡ್ ಹೊವೆಲ್ ಸಂಸ್ಥೆ ೧೯೧೨ರಲ್ಲಿ ಹೊರತಂದ '೨೭೦೯' ಎಂಬ ಮಾದರಿಯನ್ನು ನೋಡಬಹುದು. ಅದುವರೆಗಿನ ಬಹುತೇಕ ಕ್ಯಾಮೆರಾಗಳು ಮರದ ಪೆಟ್ಟಿಗೆಗಳಾಗಿದ್ದರೆ ಇದು ಪೂರ್ತಿಯಾಗಿ ಲೋಹದ್ದು. ಫಿಲ್ಮಿನ ಅಂಚಿನ ರಂಧ್ರಗಳು ಪ್ರತಿ ಫ್ರೇಮಿನಲ್ಲಿಯೂ ಅಚಲವಾದ ಮೊಳೆಗಳ ಮೇಲೆ ಕೂರುವಂತೆ ರೂಪಿಸಿದ್ದರಿಂದ ಚಿತ್ರ ಕಿಂಚಿತ್ತೂ ಅಲುಗುತ್ತಿರಲಿಲ್ಲ. ಮೂಕಿಚಿತ್ರಗಳ ಕಾಲದಲ್ಲಿ ಹಾಲಿವುಡ್ಡಿನ ಸ್ಟುಡಿಯೊಗಳು ಇದನ್ನು ಅವಲಂಬಿಸಿದವು. ೧೯೨೭ರ ನಂತರ ಮಾತಿನ ಚಿತ್ರಗಳು ಬಂದಾಗ ಇದರ ಸದ್ದೇ ಇದಕ್ಕೆ ಶತ್ರುವಾಯಿತು. ಧ್ವನಿಗ್ರಹಣ ನಡೆಯುವ ಸ್ಟುಡಿಯೊಗಳಿಂದ ಇದು ಹೊರಬಿದ್ದಿತು. ಆದರೆ ಇದರ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಅಲುಗದ ಚಿತ್ರವೇ ಪ್ರಧಾನವಾದ ಅನಿಮೇಷನ್, ಶೀರ್ಷಿಕೆ ಹಾಗೂ ತಂತ್ರದೃಶ್ಯಗಳ ವಿಭಾಗಗಳಲ್ಲಿ, ಕೈಹಿಡಿಯ ಜಾಗದಲ್ಲಿ ವಿದ್ಯುತ್ ಮೋಟಾರನ್ನು ಜೋಡಿಸಿಕೊಂಡು, ಇನ್ನೂ ಹಲವು ದಶಕ ದುಡಿಯಿತು. ಇಂಥ ಕ್ಯಾಮೆರಾವೊಂದು ಸಂಗ್ರಾಹಕನ ಕೈಗೆ ಬಂದಾಗ ಅವನು ಮೋಟಾರನ್ನು ಕಳಚಿ, ಹಳೆಯ ಕೈಹಿಡಿಯನ್ನು ಹುಡುಕಿ ತಂದು, ಮರದ ಮುಕ್ಕಾಲಿಯ ಮೇಲೆ ನಿಲ್ಲಿಸಿದರೆ ಅದು ಸುಂದರವಾಗಿ ಕಾಣುತ್ತದೆ. ಆದರೆ ಅದರ ಆಯುಷ್ಯದ ಹೆಚ್ಚಿನ ಭಾಗವನ್ನು ಅವನು ಅಳಿಸಿಹಾಕಿರುತ್ತಾನೆ.

ಇದೇ ಕ್ಯಾಮೆರಾದ ಬಗ್ಗೆ ಪ್ರಚಾರದಲ್ಲಿರುವ ಒಂದು ಕಥೆ ಸಂಗ್ರಾಹಕರ ಪರಂಪರೆಯ ಇನ್ನೊಂದು ದೋಷವನ್ನು ತೋರಿಸುತ್ತದೆ. ಮಾರ್ಟಿನ್ ಮತ್ತು ಓಸಾ ಜಾನ್ಸನ್ ಎಂಬ ಸಾಹಸಿ ದಂಪತಿಗಳು ಆಫ್ರಿಕಕ್ಕೆ ಒಯ್ದಿದ್ದ ಮರದ ಕ್ಯಾಮೆರಾವನ್ನು ಗೆದ್ದಲು ತಿಂದದ್ದರಿಂದಲೇ ಸಂಸ್ಥೆ ಲೋಹದ ಕ್ಯಾಮೆರಾವನ್ನು ತಯಾರಿಸಿತೆಂದು ಹೇಳಲಾಗುತ್ತದೆ. ಜಾನ್ಸನ್ ದಂಪತಿಗಳು ಆಫ್ರಿಕಕ್ಕೆ ಮೊದಲು ಹೋದದ್ದು ೧೯೨೧ರಲ್ಲಿ. ಒಂಬತ್ತು ವರ್ಷ ಮೊದಲೇ ಮಾರುಕಟ್ಟೆಗೆ ಬಂದ ಯಂತ್ರಕ್ಕೆ ಅದು ಕಾರಣವಾಗಲಾರದು. ಕಥೆ ರಂಜಕವಾಗಿದೆ, ವಸ್ತುವಿನ ಮಾರಾಟಕ್ಕೆ ಅನುಕೂಲವಾಗಿದೆ, ಆದುದರಿಂದಲೇ ಪುನರುಕ್ತವಾಗುತ್ತಿದೆ. ವಸ್ತುವಿನ ಜೊತೆಗೆ ಬರುವ ಐತಿಹ್ಯವನ್ನು ಕಾಲಕ್ರಮದ ಒರೆಗಲ್ಲಿಗೆ ಹಚ್ಚುವ ಅಭ್ಯಾಸ ಸಂಗ್ರಹದ ಅವಿಭಾಜ್ಯ ಅಂಗವಾಗಬೇಕು.

ಬದಲಾವಣೆಯೇ ಮೌಲ್ಯವಾಗುವುದಕ್ಕೆ ಅತ್ಯುತ್ತಮ ಉದಾಹರಣೆ ಸ್ಟ್ಯಾನ್ಲಿ ಕುಬ್ರಿಕ್ ಅವರ ೧೯೭೫ರ 'ಬ್ಯಾರಿ ಲಿಂಡನ್' ಚಿತ್ರಕ್ಕೆ ಬಳಸಿದ ಮಿಚೆಲ್ ಬಿಎನ್‌ಸಿ ಕ್ಯಾಮೆರಾ. ೧೯೩೦ರ ದಶಕದಲ್ಲಿ ರೂಪುಗೊಂಡ ಈ ಮಾದರಿ ಸ್ಟುಡಿಯೊಗಳಲ್ಲಿ ಧ್ವನಿಸಹಿತ ಚಿತ್ರೀಕರಣಕ್ಕೆ ಹೆಸರಾದದ್ದು. ಮೇಣದಬತ್ತಿಯ ಬೆಳಕಿನಲ್ಲಿಯೇ ದೃಶ್ಯಗಳನ್ನು ತೆಗೆಯಬೇಕೆಂದು ಬಯಸಿದ ಕುಬ್ರಿಕ್, ಅಮೆರಿಕದ ಅಂತರಿಕ್ಷ ಸಂಸ್ಥೆಗಾಗಿ ಝೈಸ್ ತಯಾರಿಸಿದ್ದ, ಎಫ್/೦.೭ ದ್ಯುತಿರಂಧ್ರದ ೫೦ ಮಿ.ಮೀ. ಮಸೂರಗಳನ್ನು ಪಡೆದರು. ಆ ಮಸೂರದ ಹಿಂಭಾಗ ಫಿಲ್ಮಿಗೆ ಅತ್ಯಂತ ಸಮೀಪ ನಿಲ್ಲಬೇಕಾಗಿತ್ತು. ಅದಕ್ಕಾಗಿ ತಂತ್ರಜ್ಞ ಎಡ್ ಡಿಜೂಲಿಯೊ ಕ್ಯಾಮೆರಾದ ಮುಂಭಾಗವನ್ನು ಕೊರೆದು ತೆಗೆದರು. ಆಮೇಲೆ ಅದು ಮಾಮೂಲಿ ಮಸೂರಗಳನ್ನು ಧರಿಸಲಾರದಾಯಿತು. ಸಂಗ್ರಾಹಕರ ಮಾನದಂಡವನ್ನು ಅಕ್ಷರಶಃ ಅನ್ವಯಿಸಿದರೆ ಇದು ಹಾಳಾದ ಕ್ಯಾಮೆರಾ. ಚಿತ್ರದ ವಿಮರ್ಶಕನಿಗಾದರೋ ಆ ಕೊರೆತದ ಗುರುತೇ ಚಿತ್ರದ ಸೌಂದರ್ಯದೃಷ್ಟಿಯ ಪ್ರತ್ಯಕ್ಷ ದಾಖಲೆ. ಕುಬ್ರಿಕ್ ಅವರ ಹೆಸರಿನ ಬಲದಿಂದ ಈ ಯಂತ್ರಕ್ಕೆ ಮಾನ್ಯತೆ ದೊರೆತಿದೆ. ಹೆಸರಿಲ್ಲದ ಮೆಕ್ಯಾನಿಕ್ಕುಗಳು ಮಾಡಿದ ಇಂಥವೇ ಬದಲಾವಣೆಗಳಿಗೆ ಆ ಮಾನ್ಯತೆ ದೊರೆಯುವುದು ಕಷ್ಟ. ಅವು ದುರಸ್ತಿಯ ಹೆಸರಿನಲ್ಲಿ ಅಳಿದುಹೋಗುತ್ತವೆ.

ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಕಾರ್ಖಾನೆಯ ರೂಪವು ಕವಿಪಾಠವಿದ್ದಂತೆ. ಬಳಕೆಯಲ್ಲಿ ಸೇರಿದ ಬದಲಾವಣೆಗಳು ಪಾಠಾಂತರಗಳಿದ್ದಂತೆ. ಸಂಪಾದಕನು ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ದಾಖಲಿಸುತ್ತಾನೆಯೇ ಹೊರತು ಓಲೆಯ ಮೇಲಿಂದ ಕೆರೆದು ತೆಗೆಯುವುದಿಲ್ಲ. ಈ ಹೋಲಿಕೆಗೆ ಒಂದು ಮಿತಿಯಿದೆ. ಲಿಪಿಕಾರನ ವ್ಯತ್ಯಾಸ ಅನೇಕ ವೇಳೆ ಕೈತಪ್ಪಿನಿಂದ ಆದದ್ದು. ಮೆಕ್ಯಾನಿಕ್ಕಿನ ವ್ಯತ್ಯಾಸ ಬಹುಮಟ್ಟಿಗೆ ಉದ್ದೇಶಪೂರ್ವಕವಾದದ್ದು. ಆದುದರಿಂದ ಕ್ಯಾಮೆರಾದ ಪಾಠಾಂತರಗಳಿಗೆ ಹಸ್ತಪ್ರತಿಯವುಗಳಿಗಿಂತ ಹೆಚ್ಚಿನ ಗೌರವ ಸಲ್ಲಬೇಕಾಗುತ್ತದೆ.

೪

ಮೂರನೆಯದಾಗಿ ನೋಟದ ಸೊಗಸು. ಕಪಾಟಿನಲ್ಲಿಟ್ಟ ಕ್ಯಾಮೆರಾ ಶಿಲ್ಪದಂತೆ ಕಾಣುತ್ತದೆ. ಆದರೆ ಕ್ಯಾಮೆರಾ ಚಲಿಸುವ ಯಂತ್ರ. ಅದರ ಗುಣಗಳಲ್ಲಿ ಬಹಳಷ್ಟು ಅದು ಓಡುವಾಗ ಮಾತ್ರ ತೋರುವಂಥವು. ಇವುಗಳಲ್ಲಿ ವೇಗ, ಅವಧಿ, ನೋಟ ಮತ್ತು ಸದ್ದು ಎಂಬ ನಾಲ್ಕನ್ನು ಇಲ್ಲಿ ಗಮನಿಸಬಹುದು.

ಮೂಕಿಚಿತ್ರಗಳ ಕಾಲದ ಕ್ಯಾಮೆರಾಗಳನ್ನು ಸಾಮಾನ್ಯವಾಗಿ ಕೈಯಿಂದ ತಿರುಗಿಸಲಾಗುತ್ತಿತ್ತು. ವೃತ್ತಿನಿರತರ ಕ್ಯಾಮೆರಾಗಳಲ್ಲಿ ಕೈಹಿಡಿಯ ಒಂದು ಸುತ್ತಿಗೆ ೮ ಫ್ರೇಮುಗಳು ಓಡುವುದು ರೂಢಿಯಾಗಿತ್ತು. ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ ೧೬ ಫ್ರೇಮುಗಳು. ಆದರೆ ಕೈ ಗಡಿಯಾರವಲ್ಲ. ಕೆವಿನ್ ಬ್ರೌನ್‌ಲೋ ೧೯೮೦ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ, ಮೂಕಿಚಿತ್ರಗಳಿಗೆ ಒಂದೇ ಒಂದು 'ಸರಿಯಾದ' ವೇಗ ಇರಲಿಲ್ಲವೆಂಬುದನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ದೃಶ್ಯದ ಭಾವಕ್ಕೆ ತಕ್ಕಂತೆ ಛಾಯಾಗ್ರಾಹಕರು ಕೈಯ ಲಯವನ್ನು ಬದಲಿಸುತ್ತಿದ್ದರು. ಹಳೆಯ ಚಿತ್ರಗಳನ್ನು ಜೀರ್ಣೋದ್ಧಾರ ಮಾಡಿ ಪ್ರದರ್ಶಿಸುವವರಿಗೆ ಇದು ಇಂದಿಗೂ ಪ್ರಾಯೋಗಿಕ ಸಮಸ್ಯೆ. ಕೈಹಿಡಿಯ ಬಿಗಿ, ಅದರ ಭಾರ, ತಿರುಗುವಾಗಿನ ಸಮತೋಲನ ಇವುಗಳನ್ನು ಅರಿಯಲು ತಿರುಗುವ ಸ್ಥಿತಿಯಲ್ಲಿರುವ ಕ್ಯಾಮೆರಾ ಬೇಕು.

ಅವಧಿಯ ಪ್ರಶ್ನೆಯೂ ಹಾಗೆಯೇ. ಲ್ಯೂಮಿಯೇರ್ ಸೋದರರ ಸಿನಿಮಾಟೋಗ್ರಾಫ್‌ನಲ್ಲಿ ಹಿಡಿಸುತ್ತಿದ್ದ ಫಿಲ್ಮ್ ಸುಮಾರು ೧೭ ಮೀಟರ್. ಅವರ ಚಿತ್ರಗಳು ಸುಮಾರು ೫೦ ಸೆಕೆಂಡುಗಳವು. ೧೯೨೫ರಲ್ಲಿ ಬಂದ ಐಮೋ ಎಂಬ ಸ್ಪ್ರಿಂಗ್ ಚಾಲಿತ ಕ್ಯಾಮೆರಾವನ್ನು ಯುದ್ಧಭೂಮಿಯ ವರದಿಗಾರರು ವ್ಯಾಪಕವಾಗಿ ಬಳಸಿದರು. ಅದರೊಳಗೆ ಹಿಡಿಸುತ್ತಿದ್ದದ್ದು ೧೦೦ ಅಡಿಗಳ ಸುರುಳಿ. ೩೫ ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ ೧೬ ಫ್ರೇಮುಗಳಿರುವುದರಿಂದ, ಸೆಕೆಂಡಿಗೆ ೨೪ ಫ್ರೇಮುಗಳ ವೇಗದಲ್ಲಿ ಆ ಇಡೀ ಸುರುಳಿ ಒಂದು ನಿಮಿಷ ಏಳು ಸೆಕೆಂಡಿನಷ್ಟರಲ್ಲಿ ಮುಗಿಯುತ್ತದೆ. ಯುದ್ಧಚಿತ್ರಗಳ ತುಂಡುತುಂಡಾದ ಲಯವನ್ನು ಶೈಲಿಯೆಂದು ವಿವರಿಸುವ ಮೊದಲು ವಿಮರ್ಶಕನು ಈ ಲೆಕ್ಕವನ್ನು ತಿಳಿದಿರಬೇಕು. ಹಾಗೆಯೇ ೧೯೪೮ರ 'ರೋಪ್' ಚಿತ್ರದಲ್ಲಿ ಹಿಚ್‌ಕಾಕ್ ಒಂದೊಂದು ದೃಶ್ಯಖಂಡವನ್ನು ಹತ್ತು ನಿಮಿಷದವರೆಗೆ ಎಳೆದರೆ, ಅದಕ್ಕೆ ಮೀರಿ ಎಳೆಯದಂತೆ ತಡೆದದ್ದು ೧೦೦೦ ಅಡಿಗಳ ಮ್ಯಾಗಜೀನ್. ಸಂಗ್ರಹಗಳಲ್ಲಿ ಕ್ಯಾಮೆರಾ ಉಳಿದು ಮ್ಯಾಗಜೀನ್ ಕಳೆದುಹೋದರೆ ಈ ಬಗೆಯ ತಿಳಿವಳಿಕೆಯ ಆಧಾರವೇ ಕಳಚುತ್ತದೆ.

ಇನ್ನು ನೋಟ ಮತ್ತು ಸದ್ದು. ಮಿಚೆಲ್ ಕ್ಯಾಮೆರಾದಲ್ಲಿ ಛಾಯಾಗ್ರಾಹಕನು ಮಸೂರದ ಮೂಲಕ ದೃಶ್ಯವನ್ನು ಹೊಂದಿಸಿಕೊಂಡು, ಆಮೇಲೆ ಕ್ಯಾಮೆರಾದ ದೇಹವನ್ನು ಪಕ್ಕಕ್ಕೆ ಸರಿಸಿ, ಚಿತ್ರೀಕರಣದ ವೇಳೆ ಬದಿಯ ಇನ್ನೊಂದು ನೋಟಕದಲ್ಲಿ ನೋಡಬೇಕಾಗಿತ್ತು. ಜರ್ಮನಿಯ ಆರಿ ಸಂಸ್ಥೆ ೧೯೩೭ರಲ್ಲಿ ತಂದ ಆರಿಫ್ಲೆಕ್ಸ್ ೩೫ರಲ್ಲಿ ಶಟರಿಗೇ ಕನ್ನಡಿಯನ್ನು ಜೋಡಿಸಿದ್ದರಿಂದ, ಫಿಲ್ಮ್ ಓಡುತ್ತಿರುವಾಗಲೂ ಮಸೂರ ಕಾಣುವುದನ್ನೇ ಕಣ್ಣೂ ಕಾಣುವಂತಾಯಿತು. ಇದೇ ವಂಶದ ಆರಿಫ್ಲೆಕ್ಸ್ ೨ಸಿ ಭಾರತದ ಎಲ್ಲ ಭಾಷೆಗಳ ಚಿತ್ರರಂಗಗಳಲ್ಲಿಯೂ ದೀರ್ಘಕಾಲ ದುಡಿಯಿತು. ಹಗುರವಾದ, ಗಟ್ಟಿಯಾದ, ಹೊರಾಂಗಣಕ್ಕೆ ಒಯ್ಯಬಹುದಾದ ಈ ಯಂತ್ರಕ್ಕೆ ಒಂದು ದೊಡ್ಡ ಅವಗುಣವಿತ್ತು. ಓಡುವಾಗ ಅದು ಸಾಕಷ್ಟು ಸದ್ದು ಮಾಡುತ್ತಿತ್ತು. ಸ್ಥಳದಲ್ಲಿಯೇ ಧ್ವನಿಯನ್ನು ಗ್ರಹಿಸುವುದನ್ನು ಬಿಟ್ಟು, ಮಾತುಗಳನ್ನು ಆಮೇಲೆ ಡಬ್ಬಿಂಗ್ ಕೊಠಡಿಯಲ್ಲಿ ಸೇರಿಸುವ ಪದ್ಧತಿ ನಮ್ಮಲ್ಲಿ ಬೇರೂರಲು ಈ ಸದ್ದೂ ಒಂದು ಕಾರಣ. ೨೦೦೧ರ 'ಲಗಾನ್' ಚಿತ್ರ ಸ್ಥಳದಲ್ಲಿಯೇ ಧ್ವನಿಗ್ರಹಣ ಮಾಡಿದ್ದು ಸುದ್ದಿಯಾಯಿತೆಂದರೆ, ಅದಕ್ಕೆ ಮುನ್ನ ಡಬ್ಬಿಂಗ್ ಎಷ್ಟು ಸಹಜವಾಗಿತ್ತೆಂಬುದನ್ನು ಊಹಿಸಬಹುದು. ನಟನ ದೇಹ ಒಂದು ದಿನ ಅಭಿನಯಿಸಿ, ಅವನ ಕಂಠ ಇನ್ನೊಂದು ದಿನ ಅಭಿನಯಿಸುವ ಒಂದು ಇಡೀ ಅಭಿನಯಪದ್ಧತಿಯ ಹಿಂದೆ ಈ ಯಂತ್ರದ ಗದ್ದಲವಿದೆ. ಗಾಜಿನ ಹಿಂದೆ ನಿಂತ ಆರಿಫ್ಲೆಕ್ಸ್ ಮಾತ್ರ ನಿಶ್ಶಬ್ದವಾಗಿರುತ್ತದೆ. ಅದರ ಬಗ್ಗೆ ಇತಿಹಾಸ ತಿಳಿಯಬೇಕಾದ ಅತಿ ಮುಖ್ಯ ಸಂಗತಿಯೇ ಆ ಪ್ರದರ್ಶನದಲ್ಲಿ ಇರುವುದಿಲ್ಲ.

೫

ಈ ಮಾನದಂಡಗಳನ್ನು ಭಾರತದ ಸಂದರ್ಭಕ್ಕೆ ತಂದಾಗ ಅವುಗಳ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. ದಾದಾಸಾಹೇಬ್ ಫಾಲ್ಕೆ ೧೯೧೨ರಲ್ಲಿ ಲಂಡನ್ನಿಗೆ ಹೋಗಿ ವಿಲಿಯಮ್‌ಸನ್ ಕ್ಯಾಮೆರಾವನ್ನು ಕೊಂಡುತಂದದ್ದು ಪ್ರಸಿದ್ಧ. ಅದನ್ನು ತಯಾರಿಸಿದ ಜೇಮ್ಸ್ ವಿಲಿಯಮ್‌ಸನ್ ಸ್ವತಃ ಆರಂಭಕಾಲದ ಗಣ್ಯ ಚಿತ್ರನಿರ್ದೇಶಕ. ಅವನ ೧೯೦೧ರ ಒಂದು ಚಿತ್ರದಲ್ಲಿ ಒಬ್ಬ ಮನುಷ್ಯ ಕ್ಯಾಮೆರಾವನ್ನೂ ಛಾಯಾಗ್ರಾಹಕನನ್ನೂ ನುಂಗಿಬಿಡುತ್ತಾನೆ. ಫಾಲ್ಕೆ ಈ ಕ್ಯಾಮೆರಾದಿಂದ ಮೊದಲು ತೆಗೆದದ್ದು ಬಟಾಣಿ ಗಿಡದ ಬೆಳವಣಿಗೆಯ ಚಿತ್ರ. ಗಿಡ ಬೆಳೆದಂತೆ ಒಂದೊಂದೇ ಫ್ರೇಮನ್ನು ತೆಗೆದು ಅದನ್ನು ಸಾಧಿಸಿದರು. ೧೯೧೩ರ ಮೇ ೩ರಂದು 'ರಾಜಾ ಹರಿಶ್ಚಂದ್ರ' ಬಿಡುಗಡೆಯಾಯಿತು.

ಸಂಗ್ರಾಹಕನ ದೃಷ್ಟಿಗೆ ಇಲ್ಲಿ ಕಾಣುವುದು ಒಂದು ಕ್ಯಾಮೆರಾ. ಆದರೆ ಫಾಲ್ಕೆ ತರಿಸಿಕೊಂಡ ಸಾಮಗ್ರಿಯಲ್ಲಿ ಫಿಲ್ಮಿನ ಅಂಚಿಗೆ ರಂಧ್ರ ಕೊರೆಯುವ ಯಂತ್ರವೂ ಸೇರಿತ್ತು. ಅಂದು ಕಚ್ಚಾ ಫಿಲ್ಮ್ ರಂಧ್ರಗಳಿಲ್ಲದೆ ಬರುತ್ತಿತ್ತು. ಕತ್ತಲೆಯಲ್ಲಿ ಕುಳಿತು ಅದಕ್ಕೆ ರಂಧ್ರ ಕೊರೆಯಬೇಕಾಗಿತ್ತು. ಆ ಕೆಲಸವನ್ನು ಕಲಿತು ಮಾಡಿದವರು ಫಾಲ್ಕೆಯವರ ಪತ್ನಿ ಸರಸ್ವತೀಬಾಯಿ. ರಂಧ್ರಗಳು ಒಂದು ಕೂದಲೆಳೆಯಷ್ಟು ತಪ್ಪಿದರೂ ಚಿತ್ರ ಪರದೆಯ ಮೇಲೆ ಕುಣಿಯುತ್ತದೆ. 'ರಾಜಾ ಹರಿಶ್ಚಂದ್ರ'ದ ಸ್ಥಿರತೆಯಲ್ಲಿ ಕ್ಯಾಮೆರಾದ ಪಾಲೆಷ್ಟೋ ಆ ಕೈಗಳ ಪಾಲೂ ಅಷ್ಟೇ. ಕ್ಯಾಮೆರಾವೊಂದನ್ನೇ ಪೂಜ್ಯವಸ್ತುವನ್ನಾಗಿ ಮಾಡುವ ಸಂಗ್ರಹ ಒಬ್ಬ ಮಹಿಳೆಯ ಶ್ರಮವನ್ನು ಇತಿಹಾಸದಿಂದ ಹೊರಗಿಡುತ್ತದೆ. ಹಾಗೆ ಮಾಡಬೇಕೆಂಬ ಉದ್ದೇಶ ಯಾರಿಗೂ ಇರುವುದಿಲ್ಲ. ಮಾನದಂಡವೇ ಆ ಕೆಲಸವನ್ನು ಮಾಡಿಬಿಡುತ್ತದೆ.

ಕೊಲ್ಲಾಪುರದ ನಿದರ್ಶನ ಇನ್ನೊಂದು. ಬಾಬುರಾವ್ ಪೇಂಟರ್ ಅವರು ವಿ.ಜಿ. ದಾಮ್ಲೆಯವರ ನೆರವಿನಿಂದ ೧೯೧೮ರ ಹೊತ್ತಿಗೆ ತಮ್ಮದೇ ಕ್ಯಾಮೆರಾವನ್ನು ನಿರ್ಮಿಸಿದರು. ಅವರ ಮಹಾರಾ‌ಷ್ಟ್ರ ಫಿಲ್ಮ್ ಕಂಪನಿಯ 'ಸೈರಂಧ್ರಿ' ೧೯೨೦ರಲ್ಲಿ ತೆರೆಕಂಡಿತು. ಈ ಕ್ಯಾಮೆರಾಕ್ಕೆ ಪ್ರಖ್ಯಾತ ಕಾರ್ಖಾನೆಯ ಮುದ್ರೆಯಿಲ್ಲ, ಸರಣಿ ಸಂಖ್ಯೆಯಿಲ್ಲ, ಹೋಲಿಸಿ ನೋಡಲು 'ಮೂಲ ರೂಪ'ವೆಂಬುದಿಲ್ಲ. ಅಂತರರಾಷ್ಟ್ರೀಯ ಸಂಗ್ರಹದ ಯಾವ ಪಟ್ಟಿಯಲ್ಲಿಯೂ ಇಂಥದಕ್ಕೆ ಸ್ಥಾನ ಕಲ್ಪಿಸಿಲ್ಲ. ಆದರೆ ಯುದ್ಧಕಾಲದಲ್ಲಿ ವಸಾಹತು ದೇಶವೊಂದರ ಕುಶಲಕರ್ಮಿಗಳು ಆಮದು ಯಂತ್ರದ ರಹಸ್ಯವನ್ನು ಬಿಡಿಸಿ ತಮ್ಮದಾಗಿಸಿಕೊಂಡ ಬಗೆಗೆ ಇದಕ್ಕಿಂತ ಉತ್ತಮವಾದ ಆಕರ ಯಾವುದಿದ್ದೀತು? ಈ ಕೈಕಸುಬು ಅಲ್ಲಿಗೇ ನಿಲ್ಲಲಿಲ್ಲ. ದಾಮ್ಲೆ, ಫತ್ತೇಲಾಲ್, ಶಾಂತಾರಾಮ್ ಮೊದಲಾದವರು ೧೯೨೯ರಲ್ಲಿ ಸ್ಥಾಪಿಸಿದ ಪ್ರಭಾತ್ ಸಂಸ್ಥೆಯ ತಾಂತ್ರಿಕ ಹಿರಿಮೆಗೆ ಅದು ತಳಹದಿಯಾಯಿತು.

ಕನ್ನಡ ಚಲನಚಿತ್ರದ ಆರಂಭಕ್ಕೂ ಈ ಊರಿಗೂ ನಂಟಿದೆ. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ಕೊಲ್ಲಾಪುರದ ಛತ್ರಪತಿ ಸ್ಟುಡಿಯೊದಲ್ಲಿ ಚಿತ್ರಿತವಾಗಿ ೧೯೩೪ರಲ್ಲಿ ಬಿಡುಗಡೆಯಾಯಿತು. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಚಿತ್ರವೇ ಇಲ್ಲದಿರುವಾಗ ಅದರ ದೃಶ್ಯಗಳು ಹೇಗಿದ್ದಿರಬಹುದು, ಒಂದು ದೃಶ್ಯಖಂಡ ಎಷ್ಟು ದೀರ್ಘವಾಗಿರಬಹುದಿತ್ತು, ಹಾಡನ್ನು ಚಿತ್ರಿಸುವಾಗ ಕ್ಯಾಮೆರಾ ಎಷ್ಟರಮಟ್ಟಿಗೆ ಚಲಿಸಬಹುದಿತ್ತು ಎಂಬ ಪ್ರಶ್ನೆಗಳಿಗೆ ಅಂದಿನ ಸ್ಟುಡಿಯೊಗಳಲ್ಲಿದ್ದ ಕ್ಯಾಮೆರಾ, ಮಸೂರ ಮತ್ತು ಧ್ವನಿಯಂತ್ರಗಳ ಜ್ಞಾನದಿಂದ ಮಾತ್ರ ಸ್ವಲ್ಪವಾದರೂ ಉತ್ತರ ದೊರಕೀತು. ನಷ್ಟವಾದ ಚಿತ್ರಗಳ ಸಂಖ್ಯೆ ಹೆಚ್ಚಾಗಿರುವ ನಮ್ಮಂಥ ಚಿತ್ರಪರಂಪರೆಗೆ ಯಂತ್ರಗಳ ಅಧ್ಯಯನ ಐಚ್ಛಿಕ ವಿಷಯವಲ್ಲ.

ಕರ್ನಾಟಕದಲ್ಲಿ ಈ ಅಧ್ಯಯನಕ್ಕೆ ಒಂದು ನೆಲೆಯೂ ಇದೆ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ದೇಶದಲ್ಲಿ ಛಾಯಾಗ್ರಹಣದ ಶಿಕ್ಷಣವನ್ನು ಮೊದಮೊದಲು ಆರಂಭಿಸಿದ ಸಂಸ್ಥೆಗಳಲ್ಲಿ ಒಂದು. ಗುರುದತ್ ಅವರ ಚಿತ್ರಗಳ ಛಾಯಾಗ್ರಾಹಕರಾಗಿ, ೧೯೫೯ರ 'ಕಾಗಜ್ ಕೇ ಫೂಲ್' ಮೂಲಕ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವನ್ನು ಕೊಟ್ಟು, ೨೦೦೮ನೇ ಸಾಲಿನ ಫಾಲ್ಕೆ ಪ್ರಶಸ್ತಿಯನ್ನು ಪಡೆದ ಮೈಸೂರಿನ ವಿ.ಕೆ. ಮೂರ್ತಿಯವರು ಅಲ್ಲಿ ಕಲಿತವರು. ಗೋವಿಂದ್ ನಿಹಲಾನಿಯವರೂ ಅಲ್ಲಿಯೇ ಕಲಿತು ೧೯೬೨ರಲ್ಲಿ ಹೊರಬಂದವರು. ಇಂಥ ಶಿಕ್ಷಣ ಸಂಸ್ಥೆಗಳ ದಾಸ್ತಾನು ವಹಿಗಳು, ಪ್ರಯೋಗಾಲಯದ ದಾಖಲೆಗಳು, ದುರಸ್ತಿಯ ಚೀಟಿಗಳು ಸಂಶೋಧಕರಿಗೆ ಕ್ಯಾಮೆರಾದಷ್ಟೇ ಬೆಲೆಯುಳ್ಳವು. ಯಾವ ತಲೆಮಾರು ಯಾವ ಯಂತ್ರದ ಮೇಲೆ ಕೈ ಪಳಗಿಸಿಕೊಂಡಿತೆಂಬುದನ್ನು ಅವು ಹೇಳಬಲ್ಲವು. ಬೆಳಕಿನ ವಿನ್ಯಾಸದ ಬಗ್ಗೆ ನಾವು ಬರೆಯುವ ಎಷ್ಟೋ ಮಾತುಗಳಿಗೆ ಇಂಥ ಆಧಾರ ಬೇಕಾಗಿದೆ.

೬

ಇಲ್ಲಿಯವರೆಗಿನ ವಿವೇಚನೆಗೆ ಎರಡು ಆಕ್ಷೇಪಗಳು ಬರಬಹುದು. ಒಂದು, ಖಾಸಗಿ ಸಂಗ್ರಾಹಕರ ವ್ಯಾಮೋಹವಿಲ್ಲದಿದ್ದರೆ ಈ ಯಂತ್ರಗಳು ಎಂದೋ ಗುಜರಿ ಸೇರುತ್ತಿದ್ದವು ಎಂಬುದು. ಇದು ನಿಜ. ವಿಲ್ ಡೇ ಅವರ ಸಿದ್ಧಾಂತವನ್ನು ತಿರಸ್ಕರಿಸಿದ ವಿದ್ವಾಂಸರಿಗೂ ಪರೀಕ್ಷಿಸಲು ವಸ್ತುಗಳು ದೊರೆತದ್ದು ಡೇ ಅವರಂಥವರ ಪರಿಶ್ರಮದಿಂದಲೇ. ಆದುದರಿಂದ ಇಲ್ಲಿಯ ಟೀಕೆ ಸಂಗ್ರಾಹಕರ ಶ್ರದ್ಧೆಯನ್ನು ಕುರಿತದ್ದಲ್ಲ, ಅವರು ಬಳಸುವ ಅಳತೆಗೋಲನ್ನು ಕುರಿತದ್ದು. ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು: ಹಳೆಯ ಯಂತ್ರವನ್ನು ಓಡಿಸಿದರೆ ಅದು ಸವೆಯುತ್ತದೆ, ಸಂರಕ್ಷಣೆಯ ನೀತಿ ಅದನ್ನು ಒಪ್ಪುವುದಿಲ್ಲ. ಅಪರೂಪದ, ಒಂದೇ ಒಂದು ಉಳಿದಿರುವ ಯಂತ್ರಗಳ ವಿಷಯದಲ್ಲಿ ಈ ನೀತಿಯನ್ನು ಮೀರಬಾರದು. ಆದರೆ ನೂರಾರು, ಸಾವಿರಾರು ಸಂಖ್ಯೆಯಲ್ಲಿ ತಯಾರಾದ ಐಮೋ, ಆರಿಫ್ಲೆಕ್ಸ್‌ಗಳ ವಿಷಯ ಬೇರೆ. ಒಂದನ್ನು ಇದ್ದಂತೆಯೇ ಇರಿಸಿ, ಇನ್ನೊಂದನ್ನು ಓಡುವ ಸ್ಥಿತಿಯಲ್ಲಿ ಇರಿಸಬಹುದು; ಓಡುವಾಗಿನ ಸದ್ದು, ಚಲನೆ, ನೋಟಕದೊಳಗಿನ ದೃಶ್ಯ ಇವುಗಳನ್ನು ಒಮ್ಮೆ ದಾಖಲಿಸಿ ಎಲ್ಲರಿಗೂ ದೊರೆಯುವಂತೆ ಮಾಡಬಹುದು.

ಈ ದೃಷ್ಟಿಯಿಂದ ಸಂಗ್ರಹಗಳು ಪಾಲಿಸಬೇಕಾದ ಕನಿಷ್ಠ ಕ್ರಮವನ್ನು ಹೀಗೆ ಸೂಚಿಸಬಹುದು. ಕ್ಯಾಮೆರಾದೊಡನೆ ಅದರ ಮಸೂರ, ಮ್ಯಾಗಜೀನ್, ಮೋಟಾರು, ಬ್ಯಾಟರಿ, ಮುಕ್ಕಾಲಿ, ಪೆಟ್ಟಿಗೆಗಳನ್ನು ಬೇರ್ಪಡಿಸದೆ ಉಳಿಸಬೇಕು. ಸರಣಿ ಸಂಖ್ಯೆ ಹಾಗೂ ಒಡೆತನದ ಪರಂಪರೆಯನ್ನು ದಾಖಲಿಸಬೇಕು. ಬಾಡಿಗೆಯ ಲೆಕ್ಕದ ಪುಸ್ತಕಗಳನ್ನು ಕ್ಯಾಮೆರಾದ ಭಾಗವೆಂದೇ ಪರಿಗಣಿಸಬೇಕು. ಯಾವ ಚಿತ್ರಕ್ಕೆ ಯಾವ ಯಂತ್ರ ಹೋಯಿತೆಂಬುದು ತಿಳಿಯುವುದು ಅವುಗಳಿಂದಲೇ. ಶುಚಿಗೊಳಿಸುವ ಮೊದಲು ಪ್ರತಿಯೊಂದು ಗೀರು, ಬೆಸುಗೆ, ಅಂಟಿಸಿದ ಚೀಟಿಯ ಛಾಯಾಚಿತ್ರವನ್ನು ತೆಗೆಯಬೇಕು. ಎಲ್ಲಕ್ಕಿಂತ ಮೊದಲು, ಈ ಯಂತ್ರಗಳನ್ನು ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ಕುಗಳ ಹಾಗೂ ಕ್ಯಾಮೆರಾ ಸಹಾಯಕರ ಮೌಖಿಕ ನಿರೂಪಣೆಗಳನ್ನು ಸಂಗ್ರಹಿಸಬೇಕು. ಲೋಹ ಇನ್ನೂ ನೂರು ವರ್ಷ ಉಳಿದೀತು. ಆ ಕೈಗಳ ಅರಿವಿಗೆ ಅಷ್ಟು ಕಾಲವಿಲ್ಲ.

೨೦೧೯ರಲ್ಲಿ ಮುಂಬಯಿಯಲ್ಲಿ ಭಾರತೀಯ ಚಲನಚಿತ್ರದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಉದ್ಘಾಟನೆಗೊಂಡದ್ದು ಯಂತ್ರಗಳಿಗೂ ಪರಂಪರೆಯ ಸ್ಥಾನ ದೊರೆಯುತ್ತಿರುವುದರ ಸೂಚನೆ. ಪ್ರಾದೇಶಿಕ ಮಟ್ಟದಲ್ಲಿ, ಪ್ರತಿ ಭಾಷೆಯ ಚಿತ್ರರಂಗದ ಬಳಕೆಯ ಯಂತ್ರಗಳ ಸೂಚಿಯೊಂದು ಸಿದ್ಧವಾಗಬೇಕಾದುದು ಮುಂದಿನ ಹೆಜ್ಜೆ. ಅಂಥ ಸೂಚಿಯಲ್ಲಿ ಅತ್ಯಂತ ಹಳೆಯ, ಅತ್ಯಂತ ಸುಂದರವಾದ ಕ್ಯಾಮೆರಾಗಳಿಗಿಂತ, ಅತ್ಯಂತ ಹೆಚ್ಚು ದುಡಿದ ಕ್ಯಾಮೆರಾಗಳು ಮೊದಲ ಪುಟಗಳಲ್ಲಿ ಇರಬೇಕೆಂಬುದು ಈ ಪ್ರಬಂಧದ ನಿಲುವು.